ನಿನ್ನ ತಾತನ ಬಗ್ಗೆ ಬರೆಯುವ ಮೊದಲು

ಪ್ರೀತಿಯ ಪುಟ್ಟಿಗೆ ನಿನ್ನ ಚಿಕ್ಕಜ್ಜಿಯ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ಆಗಸ್ಟ್ 15ಕ್ಕೆ ಊರಿನ ಶಾಲೆಯಲ್ಲಿ ತಾತನ ಫೋಟೊ ಇಟ್ಟು ಕಾರ್ಯಕ್ರಮ ಮಾಡ್ತಾರಂತೆ, ನೀನೇ ಮಾತಾಡಬೇಕಂತೆ. ತುಂಬಾ ಖುಷಿಯಾಯಿತು. ನೀನು ಬರೆದು ಕಳಿಸಿದ್ದನ್ನು ನಿಮ್ಮಪ್ಪ ಫೋನಿನಲ್ಲಿ ತೋರಿಸಿದ. ಎರಡು ಸಲ ಓದಿದೆ. ಚೆನ್ನಾಗಿ ಬರೀತೀಯ. ಆದರೆ ಅದರಲ್ಲಿರುವ ಸೈನಿಕ ನನ್ನ ಅಣ್ಣನ ಹಾಗೆ ಕಾಣಲಿಲ್ಲ. ಅದಕ್ಕೇ ಈ ಪತ್ರ.

ಮೊದಲನೆಯದು, ಅವನು ಢಾಕಾದಲ್ಲಿ ಹೋರಾಡಿದ ಅಂತ ಬರೆದಿದ್ದೀಯ. ಅಣ್ಣ ಢಾಕಾ ನೋಡಿದವನೇ ಅಲ್ಲ. 1971ರ ಯುದ್ಧ ಅಂದ ಕೂಡಲೇ ಎಲ್ಲರಿಗೂ ಬಾಂಗ್ಲಾ ನೆನಪಾಗುತ್ತೆ. ಆದರೆ ಆ ಯುದ್ಧ ಎರಡು ಕಡೆ ನಡೀತು. ಅವನಿದ್ದದ್ದು ಪಶ್ಚಿಮದಲ್ಲಿ, ಜಮ್ಮುವಿನ ಕೆಳಗೆ ಶಕರ್‌ಗಢದ ಕಡೆ. ಟ್ರಂಕಿನಲ್ಲಿರುವ ಪದಕ ತೆಗೆದು ನೋಡು. ಪೂರ್ವದಲ್ಲಿ ಇದ್ದವರಿಗೆ ಪೂರ್ವಿ ಸ್ಟಾರ್, ಪಶ್ಚಿಮದಲ್ಲಿ ಇದ್ದವರಿಗೆ ಪಶ್ಚಿಮಿ ಸ್ಟಾರ್ ಕೊಟ್ಟರು. ಅವನದು ಪಶ್ಚಿಮಿ ಸ್ಟಾರ್. ಅದರ ಮೇಲೆ ಅವನ ನಂಬರು, ಹೆಸರು ಕೊರೆದಿದೆ. ಫ್ಲೆಕ್ಸ್ ಮಾಡಿಸುವವರಿಗೂ ಇದನ್ನು ಹೇಳು. ಢಾಕಾದ ಫೋಟೊದಲ್ಲಿ ಅವನನ್ನು ಸೇರಿಸೋದು ಬೇಡ.

ಎರಡನೆಯದು, ಅವನು ಬಂದೂಕು ಹಿಡಿದು ಮುನ್ನುಗ್ಗಿ ಹತ್ತು ಜನರನ್ನು ಹೊಡೆದ ಅಂತ ಬರೆದಿದ್ದೀಯ. ಅವನು ಹಾಗೆ ಯಾರಿಗೂ ಹೇಳಿಲ್ಲ. ಅವನ ಕೆಲಸವೇ ಬೇರೆ. 1962ರಲ್ಲಿ ಚೀನಾ ಯುದ್ಧ ಆಗಿ ಸೇನೆಗೆ ಜನ ಬೇಕಾಗಿತ್ತು. ಮರುವರ್ಷ ಭರ್ತಿ ಇದೆ ಅಂತ ಕೇಳಿ ಹೋದವನು ಹಲಸೂರು ಕೆರೆ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪಿಗೆ ಸೇರಿದ. ತಮಿಳರು, ತೆಲುಗರು, ಮಲಯಾಳಿಗಳು, ನಮ್ಮವರು ಎಲ್ಲ ಇರುವ ಪಡೆ ಅದು. ಅವರನ್ನು ತಂಬಿಗಳು ಅಂತಾನೇ ಕರೆಯೋದು. ರಜೆಗೆ ಬಂದರೆ ಅಣ್ಣನ ಮಾತಲ್ಲಿ ಅರ್ಧ ತಮಿಳು ಇರುತ್ತಿತ್ತು. ಸೇತುವೆ ಹಾಕೋದು, ರಸ್ತೆ ಮಾಡೋದು, ನೆಲಬಾಂಬ್ ತೆಗೆಯೋದು ಇವರ ಕೆಲಸ.

ಬಸಂತರ್ ಅಂತ ಒಂದು ನದಿ ಇದೆ, ರಾವಿಗೆ ಹೋಗಿ ಸೇರುತ್ತೆ. ಅದರ ಆಸುಪಾಸಿನಲ್ಲಿ ಪಾಕಿಸ್ತಾನದವರು ಉದ್ದಕ್ಕೂ ಬಾಂಬ್ ಹೂತಿದ್ದರು. ಡಿಸೆಂಬರ್ 15ರ ರಾತ್ರಿ ನಮ್ಮ ಕಾಲಾಳುಗಳು ನದಿ ದಾಟಿ ಆಚೆ ದಡ ಹಿಡಿದರು. ಹಿಂದೆಯೇ ಟ್ಯಾಂಕ್ ಹೋಗದಿದ್ದರೆ ಅವರು ಉಳಿಯೋದು ಕಷ್ಟ. ಟ್ಯಾಂಕ್ ಹೋಗಲು ದಾರಿ ಬೇಕು. ಆ ದಾರಿ ಮಾಡೋ ಹೊಣೆ ಅಣ್ಣ ಇದ್ದ 9ನೇ ಎಂಜಿನಿಯರ್ ರೆಜಿಮೆಂಟಿನದು. ನೆಲಬಾಂಬ್ ತೆಗೆಯೋ ಟ್ರಾಲ್ ಅನ್ನೋ ಸಲಕರಣೆ ಕಟ್ಟಿದ ಟ್ಯಾಂಕುಗಳಿದ್ದವು. ಅವುಗಳಿಂದ ಆಗದ ಕಡೆ ಕೈಯಲ್ಲೇ ಮಾಡಬೇಕು. ಹೊಟ್ಟೆ ಮೇಲೆ ಮಲಗಿ ಸಲಾಕೆಯನ್ನು ಓರೆಯಾಗಿ ಮಣ್ಣಿಗೆ ಚುಚ್ಚುತ್ತ ಹೋಗೋದು. ನೇರ ಚುಚ್ಚಿದರೆ ಬಾಂಬಿನ ತಲೆಗೇ ತಾಗುತ್ತೆ. ಓರೆಯಾಗಿ ಚುಚ್ಚಿದರೆ ಪಕ್ಕಕ್ಕೆ ತಾಗಿ ಗೊತ್ತಾಗುತ್ತೆ. ಅಂಗೈಯಷ್ಟು ಜಾಗ ನೋಡಿ ಮುಗಿಸಿ, ಮುಂದಿನ ಅಂಗೈಯಷ್ಟು ಜಾಗ. ಸರಿಯಾದ ದಾರಿ ಗೊತ್ತಾಗಲಿ ಅಂತ ಬಿಳಿ ಪಟ್ಟಿ ಎಳೆಯುತ್ತ ಹೋಗಬೇಕು. ಮೇಲಿಂದ ಶೆಲ್ ಬೀಳ್ತಾನೇ ಇರುತ್ತೆ, ಆದರೂ ಎದ್ದು ಓಡೋ ಹಾಗಿಲ್ಲ.

ಯುದ್ಧದ ಬಗ್ಗೆ ಅಣ್ಣ ನನ್ನ ಹತ್ರ ಬಾಯಿಬಿಟ್ಟು ಹೇಳಿದ್ದು ಒಂದೇ ವಿಷಯ. ಆ ಚಳಿಗೆ ಬೆರಳು ಮರಗಟ್ಟುತ್ತಿತ್ತಂತೆ. ಸಲಾಕೆಗೆ ತಾಗಿದ್ದು ಕಲ್ಲೋ ಬಾಂಬೋ ಅಂತ ಬೆರಳಿಗೆ ಗೊತ್ತಾಗಬೇಕಲ್ವಾ? ಅದಕ್ಕೆ ಒಂದು ಕೈಯನ್ನು ಕಂಕುಳಲ್ಲಿ ಇಟ್ಟು ಬಿಸಿ ಮಾಡಿಕೊಳ್ತಾ, ಇನ್ನೊಂದರಲ್ಲಿ ಚುಚ್ಚುತ್ತಿದ್ದನಂತೆ. ಆಮೇಲೆ ಕೈ ಬದಲಾಯಿಸೋದು. ಇದನ್ನು ಬರೆ. ಇದು ಅವನೇ ಹೇಳಿದ್ದು.

ದಾರಿ ಪೂರ್ತಿ ಆಗುವ ಮೊದಲೇ ಪೂನಾ ಹಾರ್ಸ್ ಅನ್ನೋ ಟ್ಯಾಂಕ್ ಪಡೆಯವರು ಟ್ಯಾಂಕ್ ನುಗ್ಗಿಸಿದರು, ಆಚೆ ದಡದವರಿಗೆ ಅಷ್ಟು ಅರ್ಜೆಂಟಿತ್ತು. ಮರುದಿನ ಅದೇ ಪಡೆಯ ಅರುಣ್ ಖೇತ್ರಪಾಲ್ ಹೋರಾಡುತ್ತ ತೀರಿಕೊಂಡರು. 21 ವರ್ಷದ ಹುಡುಗ. ಪರಮವೀರ ಚಕ್ರ ಬಂತು. ಅಣ್ಣನ ರೆಜಿಮೆಂಟಿನಲ್ಲಿ ಬಾಂಬ್ ತೆಗೆಸುತ್ತಿದ್ದ ಮೇಜರ್ ವಿಜಯ್ ರತ್ತನ್ ಚೌಧರಿಯವರೂ ಆ ಯುದ್ಧದಲ್ಲೇ ಹೋದರು. ಅವರಿಗೆ ಮಹಾವೀರ ಚಕ್ರ. ಮಕ್ಕಳಿಗೆ ಈ ಎರಡೂ ಹೆಸರು ಹೇಳು. ತಾತನಿಗೆ ಅಂಥ ಪದಕ ಬರಲಿಲ್ಲ ಅಂತ ನೀನು ಸಂಕೋಚಪಡಬೇಡ, ಅದನ್ನು ಮುಚ್ಚಲು ಇಲ್ಲದ್ದನ್ನು ಸೇರಿಸಲೂ ಬೇಡ. ಅವನು ನೋಡಿ ಬಿಟ್ಟ ನೆಲದ ಮೇಲೆ ಜನ ಕಾಲಿಟ್ಟು ಹೋದರು. ನನಗೆ ಅಷ್ಟೇ ಹೆಮ್ಮೆ ಸಾಕು.

ಈಗ ಮುಖ್ಯ ಮಾತು. ನಿನ್ನ ನಾಲ್ಕು ಪುಟದಲ್ಲಿ ಮೂರೂಮುಕ್ಕಾಲು ಪುಟ ಯುದ್ಧ. ಕೊನೆಗೆ 'ನಿವೃತ್ತಿಯ ನಂತರ ಕೃಷಿಯಲ್ಲಿ ತೊಡಗಿದರು' ಅಂತ ಒಂದು ಸಾಲು. ಅಣ್ಣ ಊರಿಗೆ ಬಂದದ್ದು 1979ರಲ್ಲಿ, ಗೊರೂರಿನ ಹೇಮಾವತಿ ಅಣೆಕಟ್ಟೆ ಮುಗಿದ ವರ್ಷ. ಆಮೇಲೆ ನಲವತ್ತೈದು ವರ್ಷಕ್ಕೂ ಜಾಸ್ತಿ ಬದುಕಿದ. ಯುದ್ಧ ನಡೆದದ್ದು ಹದಿನಾಲ್ಕು ದಿನ. ಉಳಿದ ಅಷ್ಟೂ ವರ್ಷ ಒಂದು ಸಾಲಿಗೆ ಹೇಗೆ ಹಿಡಿಸುತ್ತೆ, ಹೇಳು?

ಆಲೂಗಡ್ಡೆ ಹಾಕಿದ. ಅಂಗಮಾರಿ ಬಂದು ಹೊಲಕ್ಕೆ ಹೊಲವೇ ಕಪ್ಪಾದ ವರ್ಷಗಳಿದ್ದವು. ರಾಗಿ ಕೈಬಿಡಲಿಲ್ಲ. ಮಾಜಿ ಸೈನಿಕರ ಲೆಕ್ಕದಲ್ಲಿ ಜಮೀನಿಗೆ ಅರ್ಜಿ ಹಾಕಿ ವರ್ಷಗಟ್ಟಲೆ ಅಲೆದ. ಅದೆಲ್ಲ ನಿಮ್ಮಪ್ಪನಿಗೆ ಗೊತ್ತು, ಕೇಳು.

ಆದರೆ ಹಳ್ಳದ ಮೋರಿ ವಿಷಯ ನಾನೇ ಹೇಳಬೇಕು. ಶಾಲೆಗೆ ಹೋಗೋ ದಾರಿಯಲ್ಲಿ ಆಗ ಬರೀ ಎರಡು ತೆಂಗಿನ ದಿಮ್ಮಿ ಹಾಕಿದ್ದರು. ಆಷಾಢದ ಮಳೆಗೆ ಕೊಚ್ಚಿ ಹೋಗೋದು. ಆಚೆ ಕೇರಿ ಮಕ್ಕಳು, ಅದರಲ್ಲೂ ಹೆಣ್ಣುಮಕ್ಕಳು, ವಾರಗಟ್ಟಲೆ ಶಾಲೆಗೆ ಬರುತ್ತಿರಲಿಲ್ಲ. ನಾನು ಅಲ್ಲೇ ಟೀಚರಾಗಿದ್ದೆ, ಹಾಜರಿ ಪುಸ್ತಕ ನನ್ನ ಕೈಯಲ್ಲೇ ಇತ್ತು. ಅಣ್ಣ ಮನೆಗೊಂದು ಆಳು ಅಂತ ಕರೆದ. ಮೊದಲು ಕಲ್ಲು ಮುಟ್ಟಲೇ ಇಲ್ಲ. ಹಳ್ಳದ ಪಕ್ಕದ ಹೊಂಗೆ ಮರಗಳಲ್ಲಿ ಹಿಂದಿನ ಮಳೆಗಾಲದ ಕಸಕಡ್ಡಿ ಎಷ್ಟು ಎತ್ತರದಲ್ಲಿ ಸಿಕ್ಕಿಕೊಂಡಿದೆ ನೋಡಿದ. ನೀರು ಅಲ್ಲಿಯವರೆಗೆ ಬರುತ್ತೆ ಅಂತ ಲೆಕ್ಕ. ಆಮೇಲೆ ಹಗ್ಗ ಹಿಡಿದು ಮಟ್ಟ ನೋಡಿ, ಗಟ್ಟಿ ನೆಲ ಸಿಗುವವರೆಗೆ ಅಗೆಸಿ, ಗಾಡಿಯಲ್ಲಿ ಸೈಜುಗಲ್ಲು ಹೊಡೆಸಿದ. ನೀನು ಬೆಂಗಳೂರಿಂದ ಬರುವಾಗ ನಿನ್ನ ಕಾರು ಹತ್ತೋದು ಅದೇ ಮೋರಿ ಮೇಲೆ. ಶಾಲೆಯಲ್ಲೇ ಕಾರ್ಯಕ್ರಮ ಇಟ್ಟುಕೊಂಡು ಇದನ್ನು ಹೇಳದಿದ್ದರೆ ಹೇಗೆ?

ಇನ್ನೊಂದು ಮಾತು, ಇದು ನಿನಗೆ ಮಾತ್ರ. ಊರಿಗೆ ಬಂದ ಮೊದಮೊದಲು ಅವನಿಗೆ ರಾತ್ರಿ ನಿದ್ದೆ ಬರುತ್ತಿರಲಿಲ್ಲ. ಕುಡೀತಿದ್ದ. ಮಿಲಿಟರಿ ಕ್ಯಾಂಟೀನಿನ ರಮ್‌ಗೆ ಆಸೆಪಟ್ಟು ಜೊತೆಗೆ ಕೂರುವವರು ಬಹಳ ಜನ ಇದ್ದರು. ಮಕ್ಕಳ ಮುಂದೆ ಇದನ್ನು ಹೇಳಬೇಕಾಗಿಲ್ಲ. ನೀನು ಮಾತ್ರ ತಿಳಿದುಕೊಂಡಿರು. ನಾಳೆ ನಮ್ಮವರಲ್ಲೇ ಯಾರಾದರೂ ಹೀಗೆ ನಡುರಾತ್ರಿ ಜಗಲಿ ಮೇಲೆ ಒಬ್ಬರೇ ಕೂತಿದ್ದರೆ, ಬಯ್ಯೋ ಬದಲು ಪಕ್ಕದಲ್ಲಿ ಕೂತ್ಕೊ. ನಿಮ್ಮಜ್ಜಿ ಮಾಡಿದ್ದು ಅದನ್ನೇ. ನಿಧಾನವಾಗಿ ಅವನು ಬಿಟ್ಟ.

ನಿಮ್ಮಜ್ಜಿ ಹೆಸರು ನಿನ್ನ ಬರಹದಲ್ಲಿ ಎಲ್ಲೂ ಇಲ್ಲ ಪುಟ್ಟಿ. 1971ರ ಡಿಸೆಂಬರಿನಲ್ಲಿ ನಿಮ್ಮಪ್ಪ ಅವಳ ಹೊಟ್ಟೆಯಲ್ಲಿದ್ದ. ಪತ್ರ ನಿಂತು ಹೋಗಿತ್ತು. 17ಕ್ಕೆ ಯುದ್ಧ ನಿಂತಿತು ಅಂತ ರೇಡಿಯೊದಲ್ಲಿ ಕೇಳಿದೆವು. ಅಣ್ಣ ಬದುಕಿದ್ದಾನೆ ಅನ್ನೋ ಇನ್‌ಲ್ಯಾಂಡ್ ಲೆಟರ್ ಬಂದದ್ದು ಸಂಕ್ರಾಂತಿ ಕಳೆದ ಮೇಲೆ. ಅಷ್ಟು ದಿನ ಅವಳು ರಾಗಿ ಕಣದ ಕೆಲಸ ಒಂದು ದಿನವೂ ಬಿಡಲಿಲ್ಲ, ಯಾರ ಮುಂದೆಯೂ ಅಳಲಿಲ್ಲ. ಅವಳಿನ್ನೂ ಇದ್ದಾಳೆ, ನೆನಪು ಚುರುಕಾಗಿದೆ. ಫೋನಿನಲ್ಲಿ ಬೇಡ, ಬಂದು ಪಕ್ಕದಲ್ಲಿ ಕೂತು ಕೇಳು. ಅವರೆಕಾಯಿ ಬಿಡಿಸುವಾಗಲೋ ಸೊಪ್ಪು ಸೋಸುವಾಗಲೋ ಮಾತು ತಾನಾಗಿ ಬರುತ್ತೆ.

ಭಾಷಣಕ್ಕಿಂತ ಮೊದಲು ಒಂದು ಕೆಲಸ ಆಗಬೇಕು. ಕುಟುಂಬ ಪಿಂಚಣಿ ಅವಳ ಹೆಸರಿಗೆ ಇನ್ನೂ ಬಂದಿಲ್ಲ. ಡಿಸ್ಚಾರ್ಜ್ ಬುಕ್ಕಿನಲ್ಲಿ ಅವಳ ಹೆಸರು ಒಂದು ಥರ, ಆಧಾರಿನಲ್ಲಿ ಇನ್ನೊಂದು ಥರ. ಹುಟ್ಟಿದ ತಾರೀಖೂ ಬೇರೆ. ಈಗ ಸೇನೆಯ ಪಿಂಚಣಿ ಎಲ್ಲ ಸ್ಪರ್ಶ್ ಅಂತ ಆನ್‌ಲೈನಿನಲ್ಲಿ ನಡೆಯುತ್ತಂತೆ. ನಿಮ್ಮಪ್ಪನಿಗೆ ಅದು ಕೈಹತ್ತುತ್ತಿಲ್ಲ. ನಿನಗೆ ಸಲೀಸು. ಎಂಇಜಿ, ಅಂದರೆ ಮದ್ರಾಸ್ ಎಂಜಿನಿಯರ್ ಗ್ರೂಪಿನ ರೆಕಾರ್ಡ್ಸ್ ಕಚೇರಿ ಕೂಡ ನೀನಿರುವ ಬೆಂಗಳೂರಿನಲ್ಲೇ ಇದೆ. ಡಿಸ್ಚಾರ್ಜ್ ಬುಕ್, ಪಿಪಿಒ ಅನ್ನೋ ಪಿಂಚಣಿ ಆದೇಶದ ಕಾಗದ, ಮರಣ ಪ್ರಮಾಣಪತ್ರ ಎಲ್ಲ ಒಂದು ಚೀಲದಲ್ಲಿ ಹಾಕಿಟ್ಟಿದ್ದೇನೆ. ಮೂಲ ಕಾಗದ ಯಾರಿಗೂ ಕೊಡಬೇಡ, ಜೆರಾಕ್ಸ್ ಕೊಡು.

ಶನಿವಾರ ರಾತ್ರಿ ಬಂದುಬಿಡು. ಭಾನುವಾರ ಅಜ್ಜಿ ಜೊತೆ ಇರು. ಸೋಮವಾರ ಬೆಳಿಗ್ಗೆ ಮೊದಲ ಬಸ್ಸಿಗೆ ಹಾಸನದ ಸೈನಿಕ ಕಲ್ಯಾಣ ಇಲಾಖೆ ಕಚೇರಿಗೆ ಹೋಗೋಣ. ಅಜ್ಜಿಯ ಪಾಸ್‌ಪೋರ್ಟ್ ಸೈಜ್ ಫೋಟೊ ಬೇಕಾಗುತ್ತೆ, ಇಲ್ಲಿ ಸ್ಟುಡಿಯೊ ಮುಚ್ಚಿದೆ. ನಿನ್ನ ಫೋನಿನಲ್ಲಿರೋದನ್ನೇ ಅಲ್ಲಿ ಪ್ರಿಂಟ್ ಹಾಕಿಸಿಕೊಂಡು ಬಾ.

ಇತಿ,
ನಿನ್ನ ಚಿಕ್ಕಜ್ಜಿ