ಗುಂಪಿನವರಿಗೆ: ಜೆಟ್ ವಿಡಿಯೋ ಸಾಕು, ಹೋಟೆಲ್ ನೆನಪು ಕಳಿಸಿ

ಮಾರಾಯ್ರೇ, ಸಣ್ಣ ಜೆಟ್‌ಗಳು ಬೀಳುವ ವಿಡಿಯೋಗಳನ್ನು ಇನ್ನು ಇಲ್ಲಿ ಹಾಕಬೇಡಿ. ಎಲ್ಲಿಯದು, ಯಾವ ವರ್ಷದ್ದು ಅಂತ ಹಾಕಿದವರಿಗೇ ಗೊತ್ತಿರುವುದಿಲ್ಲ. ಮಾತಾಡುವುದಿದ್ದರೆ ಕಾರಣದ ಬಗ್ಗೆ ಮಾತಾಡೋಣ.

2014ರ ಮೇ 31ರಂದು ಅಮೆರಿಕದ ಬೆಡ್‌ಫರ್ಡ್‌ನಲ್ಲಿ ಗಲ್ಫ್‌ಸ್ಟ್ರೀಮ್ ಜೆಟ್ ಒಂದು ಮೇಲೇಳದೆ ರನ್‌ವೇ ದಾಟಿ ನುಗ್ಗಿತು. 7 ಮಂದಿ ಸತ್ತರು. ವಿಮಾನವನ್ನು ಏರಿಸಿ ತಿರುಗಿಸಲು ರೆಕ್ಕೆ, ಬಾಲದಲ್ಲಿ ಆಡುವ ಹಲಗೆಗಳಿರುತ್ತವೆ; ವಿಮಾನ ನಿಂತಿರುವಾಗ ಅವು ಗಾಳಿಗೆ ಬಡಿಯದಂತೆ ಒಂದು ಲಾಕ್ ಹಾಕುತ್ತಾರೆ. ಅದನ್ನು ತೆಗೆದೇ ಇರಲಿಲ್ಲ! ತನಿಖೆಯವರು ಅದೇ ವಿಮಾನದ ಹಿಂದಿನ 175 ಟೇಕಾಫ್ ನೋಡಿದರೆ, 98% ಸಲ ಪೈಲಟ್‌ಗಳು ಆ ಹಲಗೆಗಳನ್ನು ಪೂರ್ತಿ ಆಡಿಸಿ ನೋಡಿರಲಿಲ್ಲ. ಹೊಸಬರಲ್ಲ, ಪಳಗಿದವರು. ನನಗೆ ಜಾಸ್ತಿ ಹೆದರಿಕೆ ಆಗಿದ್ದು ಅದಕ್ಕೇ. ಹಾಗಂತ ಎಲ್ಲ ಸಲವೂ ಜನ ಸಾಯುತ್ತಾರೆ ಅಂತಲ್ಲ. ಮುಂಬೈಯಲ್ಲಿ 2023ರ ಸೆಪ್ಟೆಂಬರ್ 14ರಂದು ಮಳೆಯಲ್ಲಿ ಇಳಿಯುತ್ತಿದ್ದ ಲಿಯರ್‌ಜೆಟ್ ರನ್‌ವೇಯಿಂದ ಜಾರಿ ಮುರಿಯಿತು. ಒಳಗಿದ್ದ 8 ಮಂದಿಯೂ ಬದುಕಿದರು.

ಈ ಗಲಾಟೆಯಲ್ಲಿ ನೀವೆಲ್ಲ ಗುಂಪಿನಲ್ಲಿ ಬರೆದಿದ್ದ ಹೋಟೆಲ್ ನೆನಪುಗಳೆಲ್ಲ ಮೇಲೆ ಸರಿದು ಕಾಣದಾಗಿವೆ. ಕಾರವಾರದ ಫ್ಯಾಮಿಲಿ ರೂಮಿನ ಜಿಡ್ಡು ಪರದೆ, ಅಪ್ಪನೇ ಮುಳ್ಳು ಬಿಡಿಸಿ ಕೊಡಬೇಕಿದ್ದ ಬಂಗಡೆ, ಸೋಲ್ ಕಡಿಗೆ ತಮ್ಮನ ಜೊತೆ ಜಗಳ. ಶಿರಸಿಯವರಿಗೆ ಮಾರಿಕಾಂಬಾ ಜಾತ್ರೆ ಸುತ್ತಿ ಬಂದು ತಿಂದ ಮಸಾಲೆ ದೋಸೆ. ಇವನ್ನೆಲ್ಲ ಒಂದು ಕಡೆ ಸೇರಿಸುತ್ತಿದ್ದೇನೆ. ಹಳೇ ಫೋಟೋ, ಬಿಲ್ಲು, ಮೆನು ಕಾರ್ಡು ಇದ್ದರೆ ಭಾನುವಾರ ರಾತ್ರಿಯೊಳಗೆ ನನ್ನ ನಂಬರಿಗೇ ಕಳಿಸಿ. ಹೋಟೆಲ್ ಹೆಸರು ಮರೆತಿದ್ದರೆ ಬಸ್ ಸ್ಟ್ಯಾಂಡಿನಿಂದ ಯಾವ ಕಡೆ ಅಂತ ಬರೆಯಿರಿ, ಸಾಕು. ನಮ್ಮಮ್ಮ ಗುರುತು ಹಿಡಿಯುತ್ತಾರೆ.