ಹತ್ತನೇ ತಂಡವನ್ನು ಬೀಳ್ಕೊಟ್ಟ ಮೇಲೆ

ಕಳೆದ ಭಾನುವಾರ ಸಂಜೆ ನಮ್ಮ ನೀರಿನ ತರಬೇತಿಯ ಹತ್ತನೇ ತಂಡ ಊರಿಗೆ ಮರಳಿತು. ಕೊನೆಯ ಬಸ್ಸು ಹತ್ತಿಸಿ ಬಂದು ಶಾಲೆಯ ಜಗಲಿಯ ಮೇಲೆ ಕುಳಿತಾಗ, ಇಷ್ಟು ವರ್ಷ ಹೇಳದೆ ಉಳಿದ ಮಾತುಗಳೆಲ್ಲ ಒಟ್ಟಿಗೇ ನೆನಪಾದವು. ಎದುರು ಸಿಕ್ಕಾಗ ಊಟವಾಯಿತೇ, ನಿಮ್ಮ ಕಡೆ ಮಳೆ ಬಂತೇ ಎಂದು ಕೇಳುತ್ತೇವೆ. ನಿಮ್ಮಿಂದ ನಮ್ಮ ಕೆರೆ ಉಳಿಯಿತು ಎಂಬ ಮಾತು ಮಾತ್ರ ಬಾಯಿಗೆ ಬರುವುದಿಲ್ಲ. ಹಾಗಾಗಿ ಬರೆದು ಹೇಳುತ್ತಿದ್ದೇನೆ.

ಪಾವಗಡ ತಾಲ್ಲೂಕಿನಲ್ಲಿ ಮೊದಲ ತಂಡ ಸೇರಿದ್ದು 2016ರಲ್ಲಿ. ನಾನು ಧಾರವಾಡದ ಜಲ ಮತ್ತು ನೆಲ ನಿರ್ವಹಣಾ ಸಂಸ್ಥೆ ವಾಲ್ಮಿಯಲ್ಲಿ ಕಲಿತದ್ದನ್ನೆಲ್ಲ ಪರದೆಯ ಮೇಲೆ ತೋರಿಸುತ್ತ ಬೆಳಗಿನಿಂದ ಮಧ್ಯಾಹ್ನದವರೆಗೆ ಒಂದೇ ಸಮನೆ ಮಾತಾಡಿದೆ. ಊಟದ ಹೊತ್ತಿಗೆ ಹಿಂದಿನ ಸಾಲಿನಲ್ಲಿದ್ದ ಒಬ್ಬ ಅಕ್ಕ ಎದ್ದು, "ಮೇಡಂ, ನೀವು ತೋರಿಸಿದ ನೀರು ಯಾವ ಊರಿನದು? ನಮ್ಮ ಹಳ್ಳ ಇದರಲ್ಲಿ ಎಲ್ಲಿದೆ?" ಎಂದು ಕೇಳಿದರು. ನನ್ನ ಬಳಿ ಉತ್ತರ ಇರಲಿಲ್ಲ. ಆ ಮಧ್ಯಾಹ್ನ ಪರದೆ ಸುತ್ತಿಟ್ಟು ಎಲ್ಲರೂ ಊರ ಹಿಂದಿನ ಗುಡ್ಡ ಹತ್ತಿದೆವು. ಅಂದಿನಿಂದ ನಮ್ಮ ತರಬೇತಿ ಗುಡ್ಡದ ನೆತ್ತಿಯಲ್ಲಿ ಶುರುವಾಗಿ ಕೆರೆಯ ತೂಬಿನ ಹತ್ತಿರ ಮುಗಿಯುತ್ತದೆ. ಜಲಾನಯನದ ಪಾಠವೆಲ್ಲ ಆ ನಡಿಗೆಯಲ್ಲೇ ಇದೆ: ಮೇಲೆ ಓಡುವ ನೀರನ್ನು ನಡೆಸಬೇಕು, ನಡೆಯುವ ನೀರನ್ನು ನಿಲ್ಲಿಸಬೇಕು, ನಿಂತ ನೀರನ್ನು ಇಂಗಿಸಬೇಕು. ಮೇಲಿನ ಬದು ಹಾಕದೆ ಕೆಳಗೆ ಚೆಕ್ ಡ್ಯಾಂ ಕಟ್ಟಿದರೆ ಎರಡು ಮಳೆಗಾಲದಲ್ಲಿ ಅದು ಹೂಳಿನ ತೊಟ್ಟಿಯಾಗುತ್ತದೆ. ಆ ಅಕ್ಕನಿಗೆ ನನ್ನ ಮೊದಲ ನಮಸ್ಕಾರ. ಆ ಪ್ರಶ್ನೆ ಬಾರದಿದ್ದರೆ ಎರಡನೇ ತಂಡವೇ ಇರುತ್ತಿರಲಿಲ್ಲ.

ಎರಡು ಗಳು, ಒಂದು ಅಡ್ಡಪಟ್ಟಿ, ದಾರಕ್ಕೆ ಕಟ್ಟಿದ ಒಂದು ಕಲ್ಲು. ಇಷ್ಟರಲ್ಲೇ ಸಮಪಾತಳಿಯ ಗೆರೆ, ಅಂದರೆ ಇಳಿಜಾರಿನಲ್ಲಿ ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆ, ಎಳೆಯುವುದನ್ನು ಏಳನೇ ತರಗತಿಯ ಮಕ್ಕಳು ನಮ್ಮೆಲ್ಲರಿಗಿಂತ ಬೇಗ ಕಲಿತರು. ಒಂದು ಎಕರೆ ಹೊಲದ ಮೇಲೆ ಒಂದೇ ಒಂದು ಮಿಲಿಮೀಟರ್ ಮಳೆ ಬಿದ್ದರೂ ಅದು ನಾಲ್ಕು ಸಾವಿರ ಲೀಟರ್ ನೀರು ಎಂದು ಅದೇ ಮಕ್ಕಳು ಮನೆಯಲ್ಲಿ ಲೆಕ್ಕ ಹಾಕಿ ತೋರಿಸಿದ ಮೇಲೆ ಬದು ಹಾಕಲು ಒಪ್ಪಿದ ರೈತರಿದ್ದಾರೆ. ಮಕ್ಕಳನ್ನು ಶನಿವಾರ ಮಧ್ಯಾಹ್ನ ನಮ್ಮೊಡನೆ ಕಳಿಸಿಕೊಟ್ಟ ಮೇಷ್ಟ್ರುಗಳಿಗೆ ಋಣಿ.

ಇನ್ನು ನೀರಿನ ಗುಣದ ಮಾತು. ನಮ್ಮ ಸೀಮೆಯಲ್ಲಿ ಅದು ಹಲ್ಲಿನ ಮೇಲೆಯೇ ಬರೆದಿರುತ್ತದೆ. ಕೊಳವೆಬಾವಿ ಆಳಕ್ಕೆ ಹೋದಷ್ಟೂ ಬಂಡೆಯಿಂದ ಕರಗಿ ಬರುವ ಫ್ಲೋರೈಡ್ ನೀರಿನಲ್ಲಿ ಸೇರುತ್ತದೆ. ಕುಡಿಯುವ ನೀರಿನಲ್ಲಿ ಲೀಟರಿಗೆ 1 ಮಿಲಿಗ್ರಾಂ ಇದ್ದರೆ ಸರಿ, ಬೇರೆ ಮೂಲವೇ ಇಲ್ಲದಿದ್ದರೆ 1.5ರವರೆಗೆ ಸಹಿಸಬಹುದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ಕುದಿಸಿದರೂ ಹೋಗುವುದಿಲ್ಲ. ಮೂಳೆ ಬಾಗಿ ಕೋಲು ಹಿಡಿದ ಹಿರಿಯರನ್ನು ನೋಡಿಯೇ ಬೆಳೆದವರು ನಾವು. ಜಲಜೀವನ್ ಮಿಷನ್ ಬಂದು, ಪ್ರತಿ ಹಳ್ಳಿಯಲ್ಲಿ ಐವರು ಮಹಿಳೆಯರಿಗೆ ನೀರು ಪರೀಕ್ಷೆ ಕಲಿಸಬೇಕು ಎಂದಾದ ಮೇಲೆ ನಮ್ಮ ತರಬೇತಿಗೆ ಬರುವವರಲ್ಲಿ ಹೆಣ್ಣುಮಕ್ಕಳೇ ಹೆಚ್ಚಾದರು.

ಅವರಿಗೆ ಕಲಿಸಲು ಪ್ರಯೋಗಾಲಯದಿಂದ ಒಬ್ಬರು ರಜೆಯ ದಿನಗಳಲ್ಲಿ ಬರುತ್ತಿದ್ದರು. ಸಂಭಾವನೆ ತೆಗೆದುಕೊಳ್ಳಲೇ ಇಲ್ಲ, ಹೆಸರು ಹಾಕಬೇಡಿ ಎಂದೂ ಹೇಳಿದ್ದಾರೆ. ಅವರು ಮೊದಲ ದಿನ ಎರಡು ಬಾಟಲಿಗಳನ್ನು ಕೈಯಲ್ಲಿ ಹಿಡಿದು ಕೇಳಿದ ಪ್ರಶ್ನೆ ನನಗೆ ಇನ್ನೂ ಕಣ್ಣಿಗೆ ಕಟ್ಟಿದಂತಿದೆ: ಇವೆರಡರಲ್ಲಿ ಯಾವುದನ್ನು ತೊಳೆಯಬೇಕು? ಫ್ಲೋರೈಡ್, ನೈಟ್ರೇಟ್ ಮುಂತಾದವನ್ನು ಅಳೆಯುವ ನೀರಿನ ಬಾಟಲಿಯನ್ನು ಅದೇ ನೀರಿನಲ್ಲಿ ಮೂರು ಸಲ ಕುಲುಕಿ ಚೆಲ್ಲಿ ಆಮೇಲೆ ತುಂಬಬೇಕು. ಬ್ಯಾಕ್ಟೀರಿಯಾ ನೋಡುವ ಸಣ್ಣ ಬಾಟಲಿಯನ್ನು ಅಪ್ಪಿತಪ್ಪಿಯೂ ತೊಳೆಯಬಾರದು, ಒಳಗಿನ ಮದ್ದೇ ತೊಳೆದುಹೋಗುತ್ತದೆ. ಅದರ ಬಾಯಿಗೆ ಬೆರಳೂ ತಾಗಬಾರದು. ಎರಡನ್ನೂ ಒಂದೇ ರೀತಿ ಶುಚಿ ಮಾಡುವ ನಮ್ಮ ಅಡುಗೆಮನೆಯ ಕೈಗೆ ಇದು ಸುಲಭವಾಗಿ ಬರುವುದಿಲ್ಲ. ಅವರು ಇಪ್ಪತ್ತು ಸಲ ಮಾಡಿಸಿದರು.

ಹಾಗೆ ಕಲಿತ ಒಬ್ಬಾಕೆ ತಮ್ಮ ಬೀದಿಯ ನಲ್ಲಿಯ ನೀರು ಹಿಡಿದು ಬಾಟಲಿಯನ್ನು ಬಟ್ಟೆಯಲ್ಲಿ ಸುತ್ತಿ ರಾಗಿಯ ಡಬ್ಬಿಯ ಪಕ್ಕ ಇಟ್ಟರು. ಮರುದಿನ ಬಿಚ್ಚಿ ನೋಡಿದಾಗ ನೀರು ಕಾಡಿಗೆಯಂತೆ ಕಪ್ಪಾಗಿತ್ತು, ಅಂದರೆ ಅದರಲ್ಲಿ ಬ್ಯಾಕ್ಟೀರಿಯಾ ಇತ್ತು. ಟ್ಯಾಂಕಿನ ನೀರು ಚೆನ್ನಾಗಿತ್ತು, ಬೀದಿಯ ಮೊದಲ ನಲ್ಲಿಯದೂ ಚೆನ್ನಾಗಿತ್ತು. ಮನೆಮನೆ ದಾಟಿ ಹುಡುಕಿದಾಗ ಚರಂಡಿಯೊಳಗೆ ಹಾದುಹೋದ ಪೈಪಿನ ಒಂದು ಜಾಯಿಂಟು ಬಿಟ್ಟಿತ್ತು. ಇನ್ನೊಂದು ಊರಿನಲ್ಲಿ ಶುದ್ಧ ನೀರಿನ ಘಟಕ ಹೊರಗೆ ಬಿಡುವ ನೀರನ್ನು ದನಗಳ ತೊಟ್ಟಿಗೆ ತಿರುಗಿಸಿದ್ದರು. ಸೋಸಿ ತೆಗೆದ ಫ್ಲೋರೈಡ್ ಎಲ್ಲ ಆ ನೀರಿನಲ್ಲೇ ಇರುತ್ತದೆ. ನಮ್ಮ ಹುಡುಗಿ ಮದ್ದು ಹಾಕಿದ ಕೂಡಲೇ ಗುಲಾಬಿ ಬಣ್ಣ ಮಾಯವಾಗಿ, ಫ್ಲೋರೈಡ್ ಹೆಚ್ಚಿದೆ ಎಂದು ತೋರಿಸುವ ಹಳದಿಯಾಯಿತು. ವಾದ ಮಾಡದೆ ಆ ಬಣ್ಣವನ್ನೇ ಊರವರಿಗೆ ತೋರಿಸಿದಳು. ಸಂಜೆಯೊಳಗೆ ಪೈಪ್ ಬೇರೆ ಕಡೆ ತಿರುಗಿತು. ಇಂಥ ಕೆಲಸಕ್ಕೆ ನಾನು ಧನ್ಯವಾದ ಹೇಳಿದರೆ ಅದು ಚಿಕ್ಕ ಮಾತಾಗುತ್ತದೆ ಎಂದು ಗೊತ್ತು. ಆದರೂ ಹೇಳುತ್ತೇನೆ.

2020ರಲ್ಲಿ ನಮಗೆ ಬರುತ್ತಿದ್ದ ನೆರವು ನಿಂತಿತು. ಎರಡು ವರ್ಷ ತರಬೇತಿ ನಡೆಸಲಾಗಲಿಲ್ಲ. ಮತ್ತೆ ಶುರುವಾದದ್ದು ಹಳೆಯ ತಂಡದವರು ರಾಗಿ, ಕಡಲೆಕಾಯಿ, ಹುಣಸೆಹಣ್ಣು ತಂದು ಶಾಲೆಯ ಕೋಣೆಯಲ್ಲಿ ಇಳಿಸಿದಾಗ.

ನಾನು ಎಲ್ಲಕ್ಕಿಂತ ಹೆಚ್ಚು ಋಣಿಯಾಗಿರುವುದು ನಮ್ಮ ಕೆರೆಯ ತೂಬು ನೋಡಿಕೊಂಡು ಹೊಲಗಳಿಗೆ ನೀರು ಬಿಡುವ ನೀರುಗಂಟಿ ತಾತನಿಗೆ. ಪ್ರತಿ ತಂಡವನ್ನೂ ಏರಿಯ ಮೇಲೆ ನಡೆಸಿಕೊಂಡು ಹೋಗುವವರು ಅವರೇ. ಏರಿಯ ಮೇಲೆ ಮರ ಬೆಳೆಯಲು ಬಿಡಬಾರದು, ಬೇರು ಸತ್ತ ಮೇಲೆ ಅದೇ ನೀರಿನ ದಾರಿಯಾಗುತ್ತದೆ. ಹೂಳು ತೆಗೆಯುವಾಗ ಏರಿಯ ಬುಡ ಮುಟ್ಟಬಾರದು. ಇಲಿಯ ಬಿಲ ಕಂಡರೆ ಅಂದೇ ಮುಚ್ಚಬೇಕು. ಎಲ್ಲ ಹೇಳಿ ಮುಗಿಸಿ ಏರಿಯ ಹಿಂಬದಿ ಇಳಿದು ನಿಂತು ಒಂದು ಮಾತು ಹೇಳುತ್ತಿದ್ದರು: "ತಿಳಿನೀರು ಜಿನುಗಿದರೆ ಮಲಗಮ್ಮ, ಕದಡಿದ ನೀರು ಜಿನುಗಿದರೆ ಏಳಮ್ಮ." ತಿಳಿಯಾಗಿ ಬರುವುದು ಬರೀ ನೀರು, ಕದಡಿ ಬಂದರೆ ಒಳಗಿನ ಮಣ್ಣೂ ಬರುತ್ತಿದೆ ಎಂದರ್ಥ.

2022ರ ಮಳೆಗಾಲ ನಿಮಗೆಲ್ಲ ನೆನಪಿರಬೇಕು. ಬಹಳ ವರ್ಷಗಳಿಂದ ಒಣಗಿದ್ದ ನಮ್ಮ ಕೆರೆ ಕೋಡಿ ಬಿತ್ತು. ಬಾಗಿನ ಕೊಟ್ಟೆವು, ಅತ್ತೆವು, ಕುಣಿದೆವು. ಆ ಸಂತೋಷದಲ್ಲೇ, ಬಂದ ನೀರು ಹೋಗಬಾರದು ಎಂದು ಕೆಲವರು ಕೋಡಿಗೆ ಮರಳಿನ ಚೀಲ ಜೋಡಿಸಿ ಒಂದೂವರೆ ಅಡಿ ಎತ್ತರಿಸಿದರು. ನಾನು ಅಲ್ಲೇ ಇದ್ದೆ. ಕೆರೆಯ ನೀರು ಏರಿದಷ್ಟೂ ಏರಿಯ ಮೇಲೆ ಒತ್ತಡ ಹೆಚ್ಚುತ್ತದೆ, ಇದು ತಪ್ಪು ಎಂದು ಗೊತ್ತಿದ್ದೂ ಬಾಯಿ ಬಿಡಲಿಲ್ಲ. ನೀರಿಗಾಗಿ ಅಷ್ಟು ವರ್ಷ ಕಾದವರ ಮುಂದೆ ನೀರು ಬಿಡಿ ಎನ್ನಲು ನಾಲಿಗೆ ಏಳಲಿಲ್ಲ. ಆ ಮೌನಕ್ಕೆ ನಾನೇ ಹೊಣೆ. ಮೂರನೇ ರಾತ್ರಿ ಮತ್ತೆ ಮಳೆ ಹೊಡೆಯಿತು. ಸುಮಾರು ಎರಡು ಗಂಟೆಗೆ ತಾತ ಬಾಗಿಲು ತಟ್ಟಿದರು. ಕೈಯಲ್ಲಿ ಸ್ಟೀಲ್ ಲೋಟ. ಟಾರ್ಚ್ ಬಿಟ್ಟು ತೋರಿಸಿದರು. ಲೋಟದಲ್ಲಿದ್ದದ್ದು ಕೆಮ್ಮಣ್ಣಿನ ನೀರು.

ಫೋನು ಮಾಡಿದ ಅರ್ಧ ಗಂಟೆಯೊಳಗೆ ಹಿಂದಿನ ತಂಡಗಳಲ್ಲಿ ಕಲಿತ ಹದಿನೇಳು ಜನ ಏರಿಯ ಬುಡದಲ್ಲಿದ್ದರು. ಅರ್ಧ ಜನ ಕೋಡಿಗೆ ಓಡಿ ಚೀಲಗಳನ್ನು ಎಳೆದು ಹಾಕಿದರು. ಉಳಿದವರು ಜಿನುಗುವ ಬಾಯಿಗೆ ಮಣ್ಣು ತುರುಕಲು ಹೊರಟವರನ್ನು ತಡೆದರು. ಬಾಯಿ ಮುಚ್ಚಿದರೆ ನೀರು ಇನ್ನೊಂದು ಕಡೆ ಒಡೆದುಕೊಳ್ಳುತ್ತದೆ. ಮೊದಲು ಮರಳು, ಅದರ ಮೇಲೆ ಜಲ್ಲಿ, ಅದರ ಮೇಲೆ ದಪ್ಪ ಕಲ್ಲು ಹೇರಿದರೆ ನೀರು ಬರುತ್ತದೆ, ಮಣ್ಣು ನಿಲ್ಲುತ್ತದೆ. ತರಬೇತಿಯಲ್ಲಿ ಬಕೆಟ್ಟಿನಲ್ಲಿ ಮಾಡಿ ನೋಡಿದ್ದನ್ನು ಅವರು ಮಳೆಯಲ್ಲಿ, ಬುಟ್ಟಿಗಳಲ್ಲಿ, ಕತ್ತಲಲ್ಲಿ ಮಾಡಿದರು. ತಾತ ಕಾಲು ಗಂಟೆಗೊಮ್ಮೆ ಲೋಟದಲ್ಲಿ ನೀರು ಹಿಡಿದು ನೋಡುತ್ತಿದ್ದರು. ಕೋಳಿ ಕೂಗುವ ಹೊತ್ತಿಗೆ ಲೋಟದ ತಳ ಕಾಣಿಸಿತು. ಏರಿಯ ಕೆಳಗಿನ ನಲವತ್ತು ಮನೆಗಳಲ್ಲಿ ಕೆಲವರಿಗೆ ಬೆಳಿಗ್ಗೆಯೇ ವಿಷಯ ಗೊತ್ತಾದದ್ದು. ಆ ಹದಿನೇಳು ಜನರಿಗೆ, ಮಕ್ಕಳನ್ನು ಮಲಗಿಸಿ ಬಂದ ಅವರಲ್ಲಿನ ಆರು ಹೆಣ್ಣುಮಕ್ಕಳಿಗೆ, ನನ್ನ ತಪ್ಪನ್ನು ಎತ್ತಿ ಆಡದ ತಾತನಿಗೆ ಕೈಮುಗಿಯುತ್ತೇನೆ.

2024ರ ಜನವರಿಯಲ್ಲಿ ಅದೇ ಜನ ಹಣ ಕೂಡಿಸಿ ಬಸ್ಸು ಮಾಡಿಕೊಂಡು ಹಗರಿಬೊಮ್ಮನಹಳ್ಳಿ ತಾಲ್ಲೂಕಿನ ಅಂಕಸಮುದ್ರಕ್ಕೆ ಹೋದೆವು. ಅದೂ ನಮ್ಮಂತೆಯೇ ಹಳ್ಳಿಯ ಕೆರೆ. ನೀರಿನ ನಡುವೆ ನಿಂತ ಜಾಲಿ ಮರಗಳ ತುಂಬ ಹಕ್ಕಿಗಳು. ಅಂಚಿನ ಮೊಣಕಾಲುದ್ದ ನೀರಿನಲ್ಲಿ ಕೊಕ್ಕರೆಗಳು ಮೀನು ಹಿಡಿಯುವುದನ್ನು ನೋಡುತ್ತಿದ್ದ ತಾತ, "ನಾವು ಹೂಳು ತೆಗೆಯುವಾಗ ಅಂಚನ್ನೂ ಬಾವಿಯಂತೆ ತೋಡಿಸಿದೆವಲ್ಲಮ್ಮ" ಎಂದರು. ಆ ಜನವರಿ ಮುಗಿಯುವಷ್ಟರಲ್ಲಿ ಅಂಕಸಮುದ್ರ, ಮಾಗಡಿ ಕೆರೆ ಮತ್ತು ಅಘನಾಶಿನಿ ಅಳಿವೆ ರಾಮ್ಸಾರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ, ಸೇರಿದ ಸುದ್ದಿ ಬಂತು. 2022ರಲ್ಲಿ ಸೇರಿದ್ದ ರಂಗನತಿಟ್ಟು ಸೇರಿ ರಾಜ್ಯಕ್ಕೆ ನಾಲ್ಕಾದವು. ಈಗ ನಮ್ಮ ಕೆರೆಯ ಅಂಗಳದ ಒಂದು ಕಡೆ ಇಳಿಜಾರು ಹಾಗೇ ಬಿಟ್ಟಿದ್ದೇವೆ, ಜೊಂಡು ಬಂದಿದೆ. ಹಳ್ಳದ ನೀರು ಅದರ ನಡುವೆ ಹಾದು ಹೂಳು ಇಳಿಸಿ ಒಳಗೆ ಬರುತ್ತದೆ.

ತಾತ ಈ ಸಲ ಏರಿ ಹತ್ತಲಿಲ್ಲ, ಮಂಡಿ ಬಿಡುವುದಿಲ್ಲ. ಹತ್ತನೇ ತಂಡವನ್ನು ನಡೆಸಿಕೊಂಡು ಹೋದವಳು ಅವರ ಮೊಮ್ಮಗಳು. ಏರಿಯ ಹಿಂಬದಿ ಇಳಿದು ಅದೇ ಜಾಗದಲ್ಲಿ ನಿಂತು ಅದೇ ಮಾತು ಹೇಳಿದಳು. ಕೆಳಗೆ ಕಲ್ಲಿನ ಮೇಲೆ ಕುಳಿತಿದ್ದ ತಾತ ಕೇಳಿಸಿಕೊಂಡು ತಲೆಯಾಡಿಸಿದರು.

ಅಡುಗೆಗೆ ಪಾತ್ರೆ ಕೊಟ್ಟ ಕೆಳಗಿನ ಬೀದಿಯ ಅಕ್ಕಂದಿರೇ, ಎರಡು ದೊಡ್ಡ ಕೊಳಗ ಮತ್ತು ಒಂದು ಜರಡಿ ಇನ್ನೂ ನಮ್ಮಲ್ಲೇ ಇವೆ. ಶನಿವಾರ ನಾನೇ ತಂದುಕೊಡುತ್ತೇನೆ.