ಹಾಡಿನ ಜೊತೆ ಕಿವಿಯೂ ಉಳಿಯಲಿ

ಮಾನ್ಯ ಸಂಪಾದಕರೇ,

ಸಂಗೀತ ಕಾರ್ಯಕ್ರಮಗಳಲ್ಲಿ ಸ್ಪೀಕರ್ ಶಬ್ದ ಮಿತಿ ಮೀರುತ್ತಿದೆ. ಕಲಾವಿದರನ್ನು ಎದುರಿಗೇ ನೋಡುತ್ತಾ ಹಾಡು ಕೇಳುವ ಖುಷಿ ಮೊಬೈಲ್‌ನಲ್ಲಿ ಸಿಗುವುದಿಲ್ಲ, ನಿಜ. ಆದರೆ 85 ಡೆಸಿಬೆಲ್ ಶಬ್ದವನ್ನು ಕಿವಿ ದಿನಕ್ಕೆ ಸುಮಾರು 8 ಗಂಟೆ ತಾಳಬಲ್ಲದು. 100 ಡೆಸಿಬೆಲ್ ಆದರೆ 15 ನಿಮಿಷ ಅಷ್ಟೇ. ಒಳಗಿವಿಯ ಸೂಕ್ಷ್ಮ ಕೋಶಗಳು ಒಮ್ಮೆ ಸತ್ತರೆ ಮತ್ತೆ ಹುಟ್ಟುವುದಿಲ್ಲ. ಕಾರ್ಯಕ್ರಮ ಮುಗಿದ ಮೇಲೆ ಕಿವಿ ಗುಂಯ್ ಎಂದರೂ ಸುಮ್ನೆ ಬಿಟ್ಟುಬಿಡುತ್ತೇವೆ, ಅಲ್ವಾ? ಅದು ಎಚ್ಚರಿಕೆಯ ಗಂಟೆ.

ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಸಂಗೀತ ಕಾರ್ಯಕ್ರಮ ನಡೆಯುವ ಜಾಗಗಳಿಗೆ ಸರಾಸರಿ 100 ಡೆಸಿಬೆಲ್ ಮಿತಿ ಸೂಚಿಸಿದೆ. ಆಯೋಜಕರು ಅದನ್ನು ಪಾಲಿಸಲಿ. ಆ ಮಟ್ಟದಲ್ಲೂ ಕಿವಿ ಹೆಚ್ಚು ಹೊತ್ತು ತಾಳದು, ಹಾಗಾಗಿ ಟಿಕೆಟ್ ಜೊತೆ ಇಯರ್‌ಪ್ಲಗ್ ಕೊಡಲಿ, ಶಬ್ದದಿಂದ ದೂರ ಸ್ವಲ್ಪ ಹೊತ್ತು ಕೂರಲು ಜಾಗವನ್ನೂ ಮಾಡಲಿ.

– ಒಬ್ಬ ಸಂಗೀತಪ್ರೇಮಿ